ಆ ‘ಬರೀ’ ಹೊಡೆದು ಹಾಕಿ, ಅಕ್ಕೋರೆ

ಓದುಗರ ಪತ್ರ:

‘ಸಂಪಾದಕರಿಗೆ ನಮಸ್ಕಾರ. ನಾನು ಬೆಟಗೇರಿಯವಳು. ಕನ್ನಡ ಶಾಲೆಯಲ್ಲಿ 31 ವರ್ಷ ಕಲಿಸಿ ನಿವೃತ್ತಳಾಗಿದ್ದೇನೆ. ಹತ್ತು ವರ್ಷದವಳಿದ್ದಾಗಿನಿಂದ ಪತ್ತೇದಾರಿ ಕಾದಂಬರಿಗಳ ಹುಚ್ಚು. ಈಗ ನಾನೇ ಒಂದು ಬರೆಯಬೇಕೆಂದು ಕೂತಿದ್ದೇನೆ. ಕಥೆ ನಡೆಯುವುದು 1943ರ ಬೇಸಿಗೆಯಲ್ಲಿ, ಗದಗ–ಹುಬ್ಬಳ್ಳಿ ನಡುವೆ. ಕೊಲೆಯಾದ ರಾತ್ರಿ ತಾನು ರೈಲಿನಲ್ಲಿದ್ದೆ ಅಂತ ಒಬ್ಬ ಹೇಳುತ್ತಾನೆ. ಆ ರೈಲು ಗದಗ ಬಿಡುತ್ತಿದ್ದ ವೇಳೆ ಹುಡುಕುತ್ತ ಎರಡು ವರ್ಷ ಆಯಿತು. ನಾಲ್ಕು ದೊಡ್ಡ ವಹಿ ತುಂಬಿವೆ. ಕಾದಂಬರಿ ಒಂದು ಪುಟವೂ ಆಗಿಲ್ಲ. ಬೆಂಗಳೂರಿನಲ್ಲಿ ಧಾರಾವಾಹಿ ಬರೆಯುವ ನನ್ನ ತಮ್ಮನ ಮಗ, “ಅತ್ತೀ, ಒಂಬತ್ತು ಗಂಟೆ ಅಂತ ಬರದು ಬಿಡು, ಯಾರು ಹೋಗಿ ನೋಡ್ತಾರ? ಕುಮಾರವ್ಯಾಸ ಹಲಗಿ ಬಳಪ ಹಿಡದಿದ್ನೇನು?” ಅನ್ನುತ್ತಾನೆ. ನಾನು ಲೇಖಕಿಯಲ್ಲ, ಬರೀ ಅಭಿಮಾನಿ. ಇಷ್ಟು ಒದ್ದಾಡುವುದು ಸರಿಯೇ?’

ಸಂಪಾದಕರ ಉತ್ತರ:

ಅಕ್ಕೋರೆ, ನಿಮ್ಮ ಪತ್ರ ಸೋಮವಾರ ಬಂತು. ನಾಲ್ಕು ಹಾಳೆ, ಎರಡೂ ಮಗ್ಗುಲು ಬರೆದದ್ದು. ಜಾಗ ಸಾಲದೆ ಇಲ್ಲಿ ಸ್ವಲ್ಪವೇ ಹಾಕಿದ್ದೇನೆ. ಕೊನೆಯ ಹಾಳೆಯ ಮೂಲೆಯಲ್ಲಿ ನೀವು ಪೆನ್ಸಿಲಿನಿಂದ ಬರೆದು ಅಳಿಸಿದ ಸ್ಟೇಷನ್ನುಗಳ ಸಾಲು ಇನ್ನೂ ಮಸುಕಾಗಿ ಕಾಣುತ್ತದೆ: ಗದಗ, ಹುಲಕೋಟಿ, ಅಣ್ಣಿಗೇರಿ, ಹೆಬಸೂರ, ಕುಸುಗಲ್ಲ, ಹುಬ್ಬಳ್ಳಿ. ಅಣ್ಣಿಗೇರಿಯ ಕೆಳಗೆ ಎರಡು ಗೆರೆ. ಅದನ್ನು ನೋಡಿ ಎಷ್ಟು ಖುಷಿಯಾಯಿತೆಂದರೆ, ಆ ದಿನ ಬೇರೆ ಪತ್ರ ಒಡೆಯಲೇ ಇಲ್ಲ.

ಮೊದಲು ನಿಮ್ಮ ತಮ್ಮನ ಮಗನ ಮಾತು. ಅದರಲ್ಲೂ ಸತ್ಯ ಇದೆ. ದಿನಕ್ಕೊಂದು ಕಂತು ಬರೆದು ಕೊಡಬೇಕಾದವನಿಗೆ ಎರಡು ವರ್ಷ ಹುಡುಕುವ ಪುರುಸೊತ್ತು ಎಲ್ಲಿಂದ ಬರಬೇಕು? ಕಲ್ಪನೆ ಇಲ್ಲದೆ ಕಥೆ ಇಲ್ಲ, ಒಪ್ಪಿದೆ. ಮಾಹಿತಿ ತುರುಕಿ ತುರುಕಿ ಉಸಿರು ಕಟ್ಟಿದ ಕಾದಂಬರಿಗಳನ್ನೂ ಓದಿದ್ದೇನೆ.

ಆದರೆ ಕುಮಾರವ್ಯಾಸನನ್ನು ನಡುವೆ ಎಳೆದು ತಂದದ್ದು ಸರಿಯಲ್ಲ. ಅದೂ ಗದಗಿನವರ ಮುಂದೆ! ‘ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ’ ಅಂತ ಆತ ಹೇಳಿಕೊಂಡದ್ದು ನಿಜ. ಇಟ್ಟ ಪದ ಅಳಿಸಲಿಲ್ಲ ಅಂದದ್ದೂ ನಿಜ. ಆದರೆ ಬಳಪ ಹಿಡಿಯದೆ ಹತ್ತು ಪರ್ವ ಹೇಗೆ ಬಂದವು? ಇಡೀ ಮಹಾಭಾರತ ಆತನಿಗೆ ಬಾಯಿಪಾಠ ಆಗಿರಬೇಕು. ಕೋಳಿವಾಡದಿಂದ ಗದಗಿಗೆ ಬಂದು, ವೀರನಾರಾಯಣನ ಗುಡಿಯಲ್ಲಿ ಒದ್ದೆ ಬಟ್ಟೆ ಆರುವತನಕ ಹಾಡುತ್ತಿದ್ದ ಅಂತ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಆ ಬಟ್ಟೆ ಆರುವ ಹೊತ್ತಿನ ಹಿಂದೆ ಎಷ್ಟು ವರ್ಷದ ಓದು, ಎಷ್ಟು ವರ್ಷದ ಕೇಳುವಿಕೆ ಇದ್ದಿರಬೇಕು? ಇನ್ನೊಂದು ಸಾಲು ನೆನಪಿಸಿಕೊಳ್ಳಿ. ವೀರನಾರಾಯಣನೇ ಕವಿ, ಕುವರವ್ಯಾಸ ಲಿಪಿಕಾರ. ಒಂದು ಕಥೆಯನ್ನು ಜೀವಕ್ಕಿಂತ ಜಾಸ್ತಿ ಹಚ್ಚಿಕೊಂಡವನು ಮಾತ್ರ ಹೀಗೆ ಹೇಳಬಲ್ಲ. ಅಭಿಮಾನಿ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಅದಕ್ಕೇ ನಿಮ್ಮ ಪತ್ರದ ‘ಬರೀ ಅಭಿಮಾನಿ’ ಓದಿ ನನಗೆ ಬೇಸರವಾಯಿತು. 31 ವರ್ಷ ಮಕ್ಕಳ ತಪ್ಪು ತಿದ್ದಿದವರು ನೀವು. ಈ ಒಂದು ಶಬ್ದ ನಿಮ್ಮ ಕೈ ತಪ್ಪಿ ಹೇಗೆ ಹೋಯಿತು?

ಪತ್ತೇದಾರಿ ಕಥೆಗಳ ಚರಿತ್ರೆಯನ್ನೇ ನೋಡಿ. ಕಾನನ್ ಡಾಯ್ಲ್ ತನ್ನ ಶೆರ್ಲಾಕ್ ಹೋಮ್ಸ್‌ನನ್ನು 1893ರಲ್ಲಿ ಕೊಂದು ಕೈ ತೊಳೆದುಕೊಂಡ. ಓದುಗರು ಬಿಡಲಿಲ್ಲ. ಹತ್ತು ವರ್ಷದ ಮೇಲೆ ಆತ ಸತ್ತೇ ಇರಲಿಲ್ಲ ಅಂತ ಹೇಳಿ ಮತ್ತೆ ಕರೆತರಬೇಕಾಯಿತು. ಡಾಯ್ಲ್‌ಗೆ ಮರೆವು ಜಾಸ್ತಿ. ಮೊದಲ ಕಾದಂಬರಿಯಲ್ಲಿ ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್‌ಗೆ ಗುಂಡು ಬಿದ್ದದ್ದು ಭುಜಕ್ಕೆ, ಎರಡನೆಯದರಲ್ಲಿ ಗಾಯ ಕಾಲಿಗೆ ಇಳಿದಿದೆ. ಜಾನ್ ವಾಟ್ಸನ್‌ನನ್ನು ಒಂದು ಕಥೆಯಲ್ಲಿ ಅವನ ಹೆಂಡತಿಯೇ ಜೇಮ್ಸ್ ಅಂತ ಕರೆಯುತ್ತಾಳೆ. ಬರೆದವನು ಮರೆತ. ಓದಿದವರು ಮರೆಯಲಿಲ್ಲ. ಡೊರೊಥಿ ಸೇಯರ್ಸ್ ಅನ್ನುವ ಲೇಖಕಿ ಈ ಜೇಮ್ಸ್ ಬಗ್ಗೆಯೇ ಒಂದು ಲೇಖನ ಬರೆದಳು. ಜಾನ್ ಎಚ್. ವಾಟ್ಸನ್ ಅನ್ನುವಲ್ಲಿಯ ‘ಎಚ್’ ಅಂದರೆ ಹೇಮಿಶ್, ಸ್ಕಾಟ್‌ಲೆಂಡಿನವರ ಬಾಯಲ್ಲಿ ಅದು ಜೇಮ್ಸ್ ಅನ್ನುವ ಹೆಸರೇ ಅಂತ ವಾದ ಮಾಡಿದಳು. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1911ರಲ್ಲೇ ಹೋಮ್ಸ್ ಕಥೆಗಳನ್ನು ಶಾಸ್ತ್ರಗ್ರಂಥದ ಹಾಗೆ ಕೂತು ಶೋಧಿಸಿದ್ದ. ಇಬ್ಬರೂ ಒಳ್ಳೆಯ ಪತ್ತೇದಾರಿ ಕಾದಂಬರಿ ಬರೆದವರೇ. 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಹಾಕಿಕೊಟ್ಟವನೂ ಇದೇ ನಾಕ್ಸ್. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು ಅನ್ನುವುದು ಅದರಲ್ಲೊಂದು. ಬಾಗಿಲಲ್ಲಿ ಕೂತ ಕಾವಲುಗಾರನ ಹಾಗೆ ಓದಿದವರು ಇವರು. ನೀವೂ ಹಾಗೇ ಓದಿದವರು, ಅಲ್ವಾ?

ನನ್ನ ಟೇಬಲ್ಲಿನ ಗಾಜಿನ ಕೆಳಗೆ ಒಂದು ಪೋಸ್ಟ್‌ಕಾರ್ಡ್ ಇದೆ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಧಾರಾವಾಹಿ ಕಾದಂಬರಿ ಹಾಕುತ್ತಿದ್ದೆವು. ಕಥೆ 1950ರದು. ಅದರಲ್ಲಿ ನಾಯಕ ಚಹಾದಂಗಡಿಯಲ್ಲಿ ಹತ್ತು ನಯಾಪೈಸೆ ಕೊಡುತ್ತಾನೆ. ನಾನೇ ಕರಡು ತಿದ್ದಿದ್ದೆ. ಕಣ್ಣಿಗೆ ಬೀಳಲಿಲ್ಲ. ಮುಂದಿನ ವಾರ ರಾಣೆಬೆನ್ನೂರಿನಿಂದ ಕಾರ್ಡ್ ಬಂತು. ನೀಲಿ ಶಾಯಿ, ಒತ್ತೊತ್ತಾದ ಅಕ್ಷರ. ‘ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. 1950ರಲ್ಲಿ ನಾನು ಅದೇ ಸಂತೆಯಲ್ಲಿ ಆಣೆ ಎಣಿಸುತ್ತಿದ್ದೆ. ರೂಪಾಯಿಗೆ ಹದಿನಾರು. ಇದೊಂದು ಗೊತ್ತಿಲ್ಲದವನು ನನ್ನ ಕಾಲದ ದುಃಖ ಏನು ಬರೆದಾನು?’ ಕೆಳಗೆ ಸಹಿ ಇರಲಿಲ್ಲ. ಆ ಕಾದಂಬರಿಯ ಮುಂದಿನ ಕಂತುಗಳನ್ನು ಆತ ಓದಿರಲಿಕ್ಕಿಲ್ಲ. ಆ ಒಬ್ಬ ಓದುಗನನ್ನು ನಾವು ಕಳೆದುಕೊಂಡದ್ದು ನನಗೆ ಇಂದಿಗೂ ನೋವು. ‘ಯಾರು ಹೋಗಿ ನೋಡ್ತಾರ’ ಅಂತ ಯಾರಾದರೂ ಕೇಳಿದರೆ ಆ ಕಾರ್ಡ್ ತೋರಿಸುತ್ತೇನೆ.

ಇನ್ನು ನಿಮ್ಮ ರೈಲಿನ ವೇಳೆ. ನಿಮ್ಮ ವಹಿಯಲ್ಲಿ ಒಂದು ಸಂಗತಿ ಇದೆಯೋ ಇಲ್ಲವೋ, ಇರಲಿ ಅಂತ ಬರೆಯುತ್ತಿದ್ದೇನೆ. ಯುದ್ಧದ ಕಾಲದಲ್ಲಿ ಸರಕಾರ ಇಡೀ ದೇಶದ ಗಡಿಯಾರವನ್ನು ಒಂದು ತಾಸು ಮುಂದೆ ಮಾಡಿತ್ತು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ ಮಧ್ಯದತನಕ. ಅಂದರೆ ನಿಮ್ಮ ಕಥೆಯ ಬೇಸಿಗೆಯಲ್ಲಿ ಗದಗ ಸ್ಟೇಷನ್ನಿನ ಗಡಿಯಾರ ಸಂಜೆ ಏಳು ಹೊಡೆದಾಗಲೂ ಹೊರಗೆ ಬಿಸಿಲು. ಈಗ ಯೋಚಿಸಿ. ನಿಮ್ಮ ಆರೋಪಿ ಸ್ಟೇಷನ್ ಗಡಿಯಾರ ನೋಡಿ ಮಾತಾಡುತ್ತಾನೆ. ಹುಲಕೋಟಿಯ ಹೊಲದಲ್ಲಿದ್ದ ಮುದುಕ ಹೊತ್ತು ನೋಡಿ ಮಾತಾಡುತ್ತಾನೆ. ‘ಹೊತ್ತು ಮುಳುಗೋಕಿಂತ ಮೊದಲ ಅಂವನ್ನ ನೋಡೀನ್ರೀ’ ಅಂತ ಮುದುಕ ಹೇಳಿದರೆ, ಪೊಲೀಸರು ಅದನ್ನು ಆರೂವರೆ ಅಂತ ಬರೆದುಕೊಂಡರೆ, ಒಂದು ತಾಸು ಎಲ್ಲಿ ಹೋಯಿತು? ಆ ಒಂದು ತಾಸಿನಲ್ಲಿ ಒಂದು ಕೊಲೆ ಹಿಡಿಸುತ್ತದೆ. ಮುದುಕನೂ ಸುಳ್ಳು ಹೇಳಿಲ್ಲ, ಗಡಿಯಾರವೂ ಸುಳ್ಳು ಹೇಳಿಲ್ಲ. ಕೋಣೆಯಲ್ಲಿ ಕೂತು ‘ಒಂಬತ್ತು ಗಂಟೆ’ ಅಂತ ಬರೆದವನಿಗೆ ಇಂಥ ತಿರುವು ಹೊಳೆಯುವುದಿಲ್ಲ. ಹುಡುಕಿದವರಿಗೆ ಅದು ದಾರಿಯಲ್ಲಿ ಬಿದ್ದು ಸಿಗುತ್ತದೆ.

ಇನ್ನೊಂದು ಹೇಳಲೇಬೇಕು. ಹುಬ್ಬಳ್ಳಿಯಲ್ಲಿ ನಮ್ಮ ಓಣಿಯಲ್ಲೇ ಒಬ್ಬ ನಿವೃತ್ತ ಗಾರ್ಡ್ ಇದ್ದರು, ಮೀಟರ್‌ಗೇಜ್ ಕಾಲದವರು. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಸಿಂಗಲ್ ಲೈನಿನಲ್ಲಿ ಗಾಡಿ ಹೇಗೆ ಓಡಿಸುತ್ತಿದ್ದರು ಅಂತ ನನಗೆ ವಿವರಿಸಿದರು. ಎರಡು ಸ್ಟೇಷನ್ನುಗಳ ನಡುವೆ ಒಂದೇ ಗಾಡಿ ಇರಬೇಕು. ಅದಕ್ಕೆ ಟೋಕನ್, ಮುಂದೆ ಹೋಗಲು ಅಪ್ಪಣೆಯ ಗುರುತು. ಕಬ್ಬಿಣದ ಒಂದು ಗುಂಡು. ಅದನ್ನು ಚರ್ಮದ ಚೀಲದಲ್ಲಿ ಹಾಕಿ, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿ, ಗಾಡಿ ನಿಲ್ಲದೆ ಹೋಗುವಾಗ ಎತ್ತಿ ಹಿಡಿಯುತ್ತಿದ್ದರು. ಇಂಜಿನ್ನಿನವನು ತೋಳು ಚಾಚಿ ಆ ಬಳೆಯನ್ನು ತೋಳಿನಲ್ಲೇ ಸಿಕ್ಕಿಸಿಕೊಳ್ಳಬೇಕು. ರಾತ್ರಿಯಾದರೆ ಪಕ್ಕದಲ್ಲಿ ಕಂದೀಲು. ಇಷ್ಟು ಹೇಳಿ ಅವರು ಅಂಗಿ ತೋಳು ಮೇಲಕ್ಕೆ ಸರಿಸಿ, ತೋಳು ಹೇಗೆ ಬಾಗಿಸುತ್ತಿದ್ದರು ಅಂತ ಮಾಡಿ ತೋರಿಸಿದರು. ಎಪ್ಪತ್ತೆಂಟರ ವಯಸ್ಸಿನಲ್ಲಿ ಆ ತೋಳು ಕತ್ತಲೆಯಲ್ಲಿ ತಾನಾಗಿ ಸರಿಯಾದ ಜಾಗಕ್ಕೆ ಹೋಗಿ ನಿಂತಿತು. ಪ್ರತಿ ಗಾಡಿ ಬಂದ ವೇಳೆ, ಬಿಟ್ಟ ವೇಳೆ ಸ್ಟೇಷನ್ ಮಾಸ್ತರರ ವಹಿಯಲ್ಲಿ ಏರುತ್ತಿತ್ತಂತೆ. ನಿಮ್ಮ ಆರೋಪಿಯ ಗಾಡಿ ಅಂದು ಅಣ್ಣಿಗೇರಿಯಲ್ಲಿ ಎದುರು ಗಾಡಿಗೆ ಕಾದು ನಿಂತಿದ್ದರೆ, ಅದು ಅವನಿಗೆ ಗೊತ್ತಿರಬೇಕಲ್ಲ? ಗೊತ್ತಿಲ್ಲದಿದ್ದರೆ ಅವನು ಆ ಗಾಡಿಯಲ್ಲಿ ಇರಲಿಲ್ಲ. 1943ರಲ್ಲಿ ನಮ್ಮ ಲೈನಿನಲ್ಲಿ ಇದೇ ಪದ್ಧತಿ ಇತ್ತೇ ಅಂತ ನೋಡಿಕೊಳ್ಳಿ. ಹುಬ್ಬಳ್ಳಿಯ ಗದಗ ರೋಡಿನಲ್ಲಿರುವ ರೈಲ್ವೆ ಮ್ಯೂಸಿಯಮ್ಮಿಗೂ ಒಂದು ಸಲ ಹೋಗಿ ಬನ್ನಿ.

ಆ ವರ್ಷದ ಏಪ್ರಿಲ್ 1ಕ್ಕೆ ಹೊಸರಿತ್ತಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹದೇವಪ್ಪನವರೂ ಅವರ ಇಬ್ಬರು ಸಂಗಾತಿಗಳೂ ಪೊಲೀಸರ ಗುಂಡಿಗೆ ಬಲಿಯಾದರು. ನಿಮ್ಮ ಕೊಲೆ ಅದಕ್ಕಿಂತ ಮೊದಲೋ, ನಂತರವೋ? ಜನ ಪೊಲೀಸರ ಜೊತೆ ಮಾತಾಡುವ ರೀತಿಯೇ ಬೇರೆ ಆಗಿರುತ್ತದೆ. ಇದನ್ನು ಮೊದಲು ನಿರ್ಧಾರ ಮಾಡಿ.

ಇನ್ನು ನಿಮ್ಮನ್ನು ಸ್ವಲ್ಪ ಬೈಯಬೇಕು. ಎರಡು ವರ್ಷ ಹುಡುಕಿದ್ದಕ್ಕಲ್ಲ, ಒಂದು ಪುಟವೂ ಬರೆಯದೆ ಕೂತದ್ದಕ್ಕೆ. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದಳು. ವಿಷಗಳ ವಿದ್ಯೆ ಅವಳಿಗೆ ಬಂದದ್ದು ಅಲ್ಲಿಂದ. ಅದು ಪೂರ್ತಿ ಆಗಲಿ ಅಂತ ಆಕೆ ಕಾಯಲಿಲ್ಲ. ಬಾಟಲಿಗಳ ನಡುವೆ ಕೂತೇ ಕಥೆ ಯೋಚಿಸಿದಳು. 1920ರಲ್ಲಿ ಮೊದಲ ಕಾದಂಬರಿ ಬಂತು. ಆಕೆಯ 73 ನೋಟ್‌ಬುಕ್ ಉಳಿದಿವೆ. ಒಂದು ಪುಟದಲ್ಲಿ ಕೊಲೆಗಾರ ಯಾರಾದರೆ ಚೆನ್ನ ಅನ್ನುವ ಲೆಕ್ಕ, ಇನ್ನೊಂದರಲ್ಲಿ ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿ. ಹುಡುಕುವುದೂ ಬರೆಯುವುದೂ ಜೊತೆಯಲ್ಲೇ ನಡೆಯಬೇಕು. ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಹಾಕಿ. ಆ ರಾತ್ರಿ ನಿಜವಾಗಿ ಏನಾಯಿತು ಅಂತ ಮೇಲಿನಿಂದ ಕೆಳಗೆ ಬರೆಯಿರಿ. ಪಕ್ಕದಲ್ಲಿ, ಯಾರಿಗೆ ಎಷ್ಟು ಗೊತ್ತು. ಅದರ ಪಕ್ಕ, ಯಾರು ಏನು ಹೇಳಿದರು. ಮೂರೂ ಸಾಲು ಹೊಂದದೆ ಇದ್ದಲ್ಲಿ ಕೆಂಪು ಗುರುತು. ನಿಮ್ಮ ಅಧ್ಯಾಯಗಳು ಆ ಕೆಂಪು ಗುರುತಿನಲ್ಲಿವೆ.

ಇದನ್ನೆಲ್ಲ ಬರೆಯುತ್ತ ನನ್ನ ಹಳೆಯ ಸಂಕಟ ಮೇಲೆ ಬರುತ್ತಿದೆ. ನಮ್ಮ ಕಡೆಯ ಬದುಕು ಕಥೆಯಲ್ಲಿ, ಸಿನಿಮಾದಲ್ಲಿ ಹೇಗೆ ಬರುತ್ತದೆ ನೋಡಿದ್ದೀರಿ. ಪ್ರತಿ ಮಾತಿಗೆ ಒಂದು ‘ರೀ’ ಹಚ್ಚಿದರೆ ಧಾರವಾಡ ಆಯಿತು. ಒಂದು ಪ್ಲೇಟು ಗಿರಮಿಟ್ಟು, ಮಿರ್ಚಿ ಇಟ್ಟರೆ ಹುಬ್ಬಳ್ಳಿ ಆಯಿತು. ಹಾವೇರಿ ದಾಟುವಷ್ಟರಲ್ಲಿ ಮಾತಿನ ಧಾಟಿ ತಿರುಗುತ್ತದೆ. ಗದಗಿನ ನೇಕಾರರ ಓಣಿಯ ಮಾತು ಬೇರೆ, ಹುಬ್ಬಳ್ಳಿ ದುರ್ಗದ ಬೈಲಿನ ಮಾತು ಬೇರೆ. ಕೇಳಿಸಿಕೊಳ್ಳುವ ಕಿವಿ ಎಲ್ಲಿ? ಕೇಳಿಸಿಕೊಳ್ಳದೆ ಬರೆದದ್ದನ್ನು ನಮ್ಮ ಮಕ್ಕಳು ಓದಿ, ತಮ್ಮ ಊರು ನಗುವುದಕ್ಕೆ ಮಾತ್ರ ಅಂತ ತಿಳಿಯುತ್ತಾರೆ.

ಹುಡುಕಬೇಕೆಂದರೂ ದಾರಿ ಸುಲಭ ಇಲ್ಲ. ನಮ್ಮ ಭಾಗದ ಒಂದು ವಾಚನಾಲಯಕ್ಕೆ ಹಳೆಯ ಪತ್ರಿಕೆಗಳ ಕಟ್ಟು ಕೇಳಲು ಹೋಗಿದ್ದೆ. ಜಾಗ ಬೇಕಾಗಿತ್ತು ಅಂತ ಹಿಂದಿನ ತಿಂಗಳಷ್ಟೇ ರದ್ದಿಗೆ ಹಾಕಿದ್ದರು. ತೂಕಕ್ಕೆ! ಕಪಾಟಿನಲ್ಲಿ ಕಟ್ಟುಗಳಿದ್ದ ಜಾಗದ ಧೂಳಿನ ಗುರುತು ಇನ್ನೂ ಹಾಗೇ ಇತ್ತು. 1890ರಿಂದ ವಿದ್ಯಾವರ್ಧಕ ಸಂಘ ಇರುವ, 1939ರಿಂದ ಕನ್ನಡ ಸಂಶೋಧನ ಸಂಸ್ಥೆ ಇರುವ, ದೊಡ್ಡ ವಿಶ್ವವಿದ್ಯಾಲಯ ಇರುವ ಸೀಮೆ ಇದು. ಮುದ್ರಣಕ್ಕೆ ಹೆಸರಾದ ಊರು ನಿಮ್ಮ ಗದಗ. ಇಂಥಲ್ಲಿ ಸಣ್ಣ ಊರಿನ ವಾಚನಾಲಯಗಳ ಹಳೆಯ ಕಾಗದವನ್ನು ಕಾಯುವವರಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ. ಓಣಿಗೊಂದರಂತೆ ಇದ್ದ ಬಾಡಿಗೆ ಪುಸ್ತಕದ ಅಂಗಡಿಗಳೂ ಹೋದವು. ಪತ್ತೇದಾರಿ ಕಾದಂಬರಿ ಅಂದರೆ ಮೂಗು ಮುರಿದ ವಿಮರ್ಶಕರಿಗೆ ಅದರಿಂದ ಏನೂ ಅನ್ನಿಸಲಿಲ್ಲ. ಎನ್. ನರಸಿಂಹಯ್ಯನವರ ಪುರುಷೋತ್ತಮ, ಮಧುಸೂದನ, ಅರಿಂಜಯರ ಬೆನ್ನು ಹತ್ತಿ ಓದಲು ಕಲಿತವರು ಎಷ್ಟು ಮಂದಿ! ನಾನೂ ಅವರಲ್ಲೊಬ್ಬ.

ಕಾದಂಬರಿಕಾರ ಗಳಗನಾಥರು ಹಾವೇರಿ ಸೀಮೆಯವರು. ಅವರೂ ಶಾಲಾ ಮಾಸ್ತರರೇ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ನಿಮ್ಮ ನಾಲ್ಕು ವಹಿ ಅದಕ್ಕಿಂತ ಭಾರವೇನಲ್ಲ ಅಕ್ಕೋರೆ.

ನಾಳೆ ಬೆಳಗ್ಗೆ ಚಹಾ ಕುಡಿದು ಮೊದಲ ಅಧ್ಯಾಯಕ್ಕೆ ಕೂಡಿ. ರೈಲು ಬಿಡುವ ವೇಳೆ ಬರುವ ಕಡೆ ಒಂದು ಚೌಕ ಎಳೆದು ಖಾಲಿ ಬಿಡಿ, ಮುಂದಕ್ಕೆ ಹೋಗಿ. ಮೂರು ಅಧ್ಯಾಯ ಆದ ಮೇಲೆ ನನಗೆ ಕಳಿಸಿ. ತಮ್ಮನ ಮಗನಿಗೂ ಒಂದು ಪ್ರತಿ ಕೊಡಿ, ಬರೆಯುವ ಹುಡುಗ, ಅವನಿಗೆ ಆ ಒಂದು ತಾಸಿನ ಬೆಲೆ ಗೊತ್ತಾಗುತ್ತದೆ.

ಉಳಿದ ಓದುಗರಲ್ಲಿ ಒಂದು ಕೇಳಿಕೆ. 1942ರಿಂದ 1944ರ ನಡುವಿನ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ವೇಳಾಪಟ್ಟಿ ಯಾರದಾದರೂ ಅಜ್ಜನ ಟ್ರಂಕಿನಲ್ಲೋ ಅಟ್ಟದ ಮೇಲೋ ಇದ್ದರೆ ನಮ್ಮ ಕಚೇರಿಗೆ ತಿಳಿಸಿ. ರಟ್ಟು ಹರಿದಿದ್ದರೂ, ನಾಲ್ಕು ಪುಟ ಇಲ್ಲದಿದ್ದರೂ ನಡೆಯುತ್ತದೆ. ಗದಗ–ಹುಬ್ಬಳ್ಳಿಯ ಪುಟ ಒಂದಿದ್ದರೆ ಸಾಕು. ನಾನೇ ಬಂದು, ನಕಲು ಮಾಡಿಕೊಂಡು, ಬೆಟಗೇರಿಗೆ ಮುಟ್ಟಿಸುತ್ತೇನೆ.