ಒಟಿಪಿ ಬರಲಿಲ್ಲ, ದುಡ್ಡು ಮಾತ್ರ ಹೋಯಿತು

ಮೈಸೂರಿನಿಂದ ನ್ಯೂಜೆರ್ಸಿಗೆ ಬಂದು ಎರಡು ತಿಂಗಳಾಯಿತು ಅಂದಿರಿ. ಕೂದಲು ಉದುರುತ್ತಿದೆ ಅಂತ ಆನ್‌ಲೈನ್‌ನಲ್ಲಿ ಒಂದು ಡಬ್ಬಿ ವಿಟಮಿನ್ ತರಿಸಿದಿರಿ, 34 ಡಾಲರ್. (ಇಲ್ಲಿಗೆ ಬಂದವರೆಲ್ಲ ಮೊದಲು ಬೈಯುವುದು ಇಲ್ಲಿನ ನೀರನ್ನೇ, ಇರಲಿ.) ಈ ತಿಂಗಳು ನೀವು ಕೇಳದೆಯೇ ಮತ್ತೆ 34 ಡಾಲರ್ ಕಟ್ ಆಯಿತು. "ಒಟಿಪಿ ಕೂಡ ಬರಲಿಲ್ಲ ಅಕ್ಕಾ, ನನ್ನ ಕಾರ್ಡು ಕದ್ದರಾ?" ಅಂತ ಕೇಳಿದ್ದೀರಿ.

ಬಹುಶಃ ಯಾರೂ ಕದ್ದಿಲ್ಲ. ಇಲ್ಲಿ ಒಟಿಪಿ ಬರುವುದೇ ಅಪರೂಪ. ಊರಲ್ಲಿ ನಮಗೆ ಅಭ್ಯಾಸ ಬೇರೆ. ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್‌ನಿಂದ ಬಿಗಿ ನಿಯಮ ತಂದಿದೆ. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ದುಡ್ಡು ಹೋಗಬೇಕಾದರೆ ನಾವು ಮೊದಲೇ ಒಪ್ಪಿಗೆ ಕೊಟ್ಟಿರಬೇಕು. ದುಡ್ಡು ಹೋಗುವ 24 ಗಂಟೆ ಮುಂಚೆ ಮೆಸೇಜು ಬರಬೇಕು. ಸಾಮಾನ್ಯವಾಗಿ 15,000 ರೂಪಾಯಿ ದಾಟಿದರೆ ಪ್ರತಿ ಸಲವೂ ಒಟಿಪಿ. ಅಮೆರಿಕದಲ್ಲಿ ಬಾಗಿಲಲ್ಲಿ ಇಂಥ ಕಾವಲುಗಾರ ಇಲ್ಲ. ಒಂದು ಸಲ ಕಾರ್ಡು ನಂಬರ್ ಕೊಟ್ಟರೆ ಅಂಗಡಿಯವರು ಅದನ್ನು ಉಳಿಸಿಕೊಂಡು ಮತ್ತೆ ಬಳಸಬಹುದು. ನೀವು ದುಡ್ಡು ಕಟ್ಟಿದ ಪುಟದಲ್ಲಿ 'ಪ್ರತಿ ತಿಂಗಳು ಕಳಿಸಿ, 10 ಪರ್ಸೆಂಟ್ ಉಳಿಸಿ' ಅನ್ನುವ ಡಬ್ಬದಲ್ಲಿ ಟಿಕ್ ಮೊದಲೇ ಬಿದ್ದಿತ್ತಾ ನೋಡಿ. ಮುಕ್ಕಾಲು ಪಾಲು ಅದೇ ಆಗಿರುತ್ತದೆ.

ನನಗೂ ಹೀಗೇ ಆಗಿತ್ತು, ಬಂದ ಹೊಸದರಲ್ಲಿ. ಮುಖಕ್ಕೆ ಹಚ್ಚುವ ಕ್ರೀಮು, ಫ್ರೀ ಟ್ರಯಲ್, ಅಂಚೆ ಖರ್ಚು ಮಾತ್ರ 5 ಡಾಲರ್. ಡೆಬಿಟ್ ಕಾರ್ಡ್ ಕೊಟ್ಟೆ. ಹದಿನೈದು ದಿನ ಕಳೆದ ಮೇಲೆ 89 ಡಾಲರ್ ಕಟ್. ಅದೇ ವಾರ ಬಾಡಿಗೆ ಚೆಕ್ ಬೌನ್ಸ್ ಆಯಿತು, ಬ್ಯಾಂಕಿನವರು ಅದಕ್ಕೊಂದು ದಂಡ ಹಾಕಿದರು, ಮನೆ ಮಾಲೀಕರು ಇನ್ನೊಂದು. ಕ್ರೀಮು ಹಚ್ಚಿದ ಮುಖ ಆವತ್ತು ಹೇಗಿತ್ತೋ ಏನೋ! ಜಾಣತನ ಮಾಡಿ ಕಾರ್ಡೇ ಬ್ಲಾಕ್ ಮಾಡಿಸಿ ಹೊಸದು ತರಿಸಿದೆ. ಮುಂದಿನ ತಿಂಗಳು ಹೊಸ ಕಾರ್ಡಿಗೂ 89 ಡಾಲರ್ ಬಿತ್ತು. ಆಮೇಲೆ ಗೊತ್ತಾಯಿತು, ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಹೊಸ ನಂಬರನ್ನು ಅಂಗಡಿಗಳಿಗೆ ತಲುಪಿಸುವ ವ್ಯವಸ್ಥೆ ಇದೆ. ಕರೆಂಟು ಬಿಲ್ಲು, ಫೋನ್ ಬಿಲ್ಲು ನಿಲ್ಲದಿರಲಿ ಅಂತ ಮಾಡಿದ್ದು. ಅದರ ಲಾಭ ಇಂಥವರಿಗೂ ಸಿಗುತ್ತದೆ. ಅದಕ್ಕೇ, ಸುಮ್ನೆ ಕಾರ್ಡು ಬದಲಾಯಿಸಿ ಕೈ ತೊಳೆದುಕೊಳ್ಳಬೇಡಿ.

ಮೊದಲು ಅಂಗಡಿಗೇ ಇಮೇಲ್ ಮಾಡಿ. ಫೋನ್ ಬೇಡ, ಬರವಣಿಗೆಯಲ್ಲೇ ಇರಲಿ. ಸಬ್‌ಸ್ಕ್ರಿಪ್ಷನ್ ರದ್ದು ಮಾಡಿ, ಎರಡನೇ ಸಲ ತೆಗೆದ ದುಡ್ಡು ವಾಪಸ್ ಕೊಡಿ, ಇನ್ನು ಮುಂದೆ ನನ್ನ ಕಾರ್ಡಿಗೆ ಚಾರ್ಜ್ ಮಾಡಲು ಒಪ್ಪಿಗೆ ಇಲ್ಲ. ಇಷ್ಟು ಸಾಕು. ಷರತ್ತನ್ನು ಸ್ಪಷ್ಟವಾಗಿ ಹೇಳಿ, ಒಪ್ಪಿಗೆ ಪಡೆದು, ಸುಲಭವಾಗಿ ನಿಲ್ಲಿಸುವ ದಾರಿ ಕೊಡಬೇಕು ಅಂತ 2010ರ ಒಂದು ಫೆಡರಲ್ ಕಾನೂನೇ ಇದೆ. 'ನಾನೇ ದಡ್ಡಿ' ಅಂತ ಬರೆದಿದ್ದೀರಲ್ಲ, ಬಿಡಿ. ಪ್ರೈಮ್‌ಗೆ ಜನರನ್ನು ಒಪ್ಪಿಗೆಯಿಲ್ಲದೆ ಸೇರಿಸಿದರು, ಹೊರಬರುವುದನ್ನು ಕಷ್ಟ ಮಾಡಿದರು ಎಂಬ ಆರೋಪದ ಕೇಸಿನಲ್ಲಿ ಅಮೆಜಾನ್ 2025ರ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಅಷ್ಟು ಜನ ದಡ್ಡರಿರಲಿಲ್ಲ.

ಅಂಗಡಿಯವರು ಜಗ್ಗದಿದ್ದರೆ ಬ್ಯಾಂಕಿಗೆ ಹೇಳಿ, 'ಡಿಸ್ಪ್ಯೂಟ್' ಹಾಕುತ್ತೇನೆ, ಅಂದರೆ ಈ ಚಾರ್ಜಿಗೆ ನನ್ನ ತಕರಾರಿದೆ ಅಂತ. ಇಲ್ಲೊಂದು ಎಚ್ಚರಿಕೆ. ಫೋನಿನಲ್ಲಿ "ಈ ಚಾರ್ಜ್ ನಿಮ್ಮದಾ?" ಅಂದಾಗ ಕೋಪದಲ್ಲಿ "ಆ ಅಂಗಡಿಯೇ ನನಗೆ ಗೊತ್ತಿಲ್ಲ" ಅನ್ನಬೇಡಿ. ಅಂಗಡಿಯವರು ನಿಮ್ಮ ಮೊದಲ ಆರ್ಡರ್, ವಿಳಾಸ ಎಲ್ಲ ತೋರಿಸುತ್ತಾರೆ, ನಿಮ್ಮ ಮಾತು ಬಿದ್ದುಹೋಗುತ್ತದೆ. ಮೊದಲನೆಯದು ನಾನೇ ಮಾಡಿದ್ದು, ಎರಡನೆಯದಕ್ಕೆ ಒಪ್ಪಿಗೆ ಕೊಟ್ಟಿಲ್ಲ, ಇಂಥ ದಿನ ರದ್ದು ಮಾಡಿ ಅಂತ ಬರೆದಿದ್ದೇನೆ ಅನ್ನಿ. ಇಮೇಲ್ ಬೇಕು ಅಂದದ್ದು ಇದಕ್ಕೇ.

ಯಾವ ಕಾರ್ಡು ಅಂತ ನೀವು ಬರೆದಿಲ್ಲ. ವ್ಯತ್ಯಾಸ ಇದೆ. ಕ್ರೆಡಿಟ್ ಕಾರ್ಡಾದರೆ ಆ ಚಾರ್ಜ್ ಇರುವ ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ತಲುಪಬೇಕು. ತನಿಖೆ ಮುಗಿಯುವವರೆಗೆ ಆ 34 ಡಾಲರ್ ಕಟ್ಟಬೇಕಿಲ್ಲ. ಜಗಳ ಆಗುವುದು ಬ್ಯಾಂಕಿನ ದುಡ್ಡಿನ ಮೇಲೆ. ಡೆಬಿಟ್ ಆದರೆ ಹೋಗಿದ್ದು ನಿಮ್ಮದೇ ದುಡ್ಡು, ಬಾಡಿಗೆಗೆ ಇಟ್ಟಿದ್ದು. ಅಲ್ಲಿಯೂ 60 ದಿನದೊಳಗೆ ಹೇಳಬೇಕು. ಬ್ಯಾಂಕು ಸಾಮಾನ್ಯವಾಗಿ 10 ಕೆಲಸದ ದಿನಗಳಲ್ಲಿ ತೀರ್ಮಾನಿಸಬೇಕು, ಇಲ್ಲವೇ ದುಡ್ಡು ತಾತ್ಕಾಲಿಕವಾಗಿ ವಾಪಸ್ ಹಾಕಿ ತನಿಖೆ ಮುಂದುವರಿಸಬೇಕು. ಖಾತೆ ತೆರೆದು ತಿಂಗಳಾಗುವ ಮುಂಚೆ ನಡೆದದ್ದಾದರೆ 20 ಕೆಲಸದ ದಿನ ತೆಗೆದುಕೊಳ್ಳಬಹುದು. ಹೊಸಬರಿಗೆ ಎಲ್ಲದರಲ್ಲೂ ಸ್ವಲ್ಪ ಜಾಸ್ತಿ ಕಾಯಿಸುತ್ತಾರೆ, ಅಲ್ವಾ?

ಅದಕ್ಕೇ ಆನ್‌ಲೈನ್‌ಗೆ ಕ್ರೆಡಿಟ್ ಕಾರ್ಡೇ ವಾಸಿ. ಕ್ರೆಡಿಟ್ ಹಿಸ್ಟರಿ (ಇಲ್ಲಿ ಸಾಲ ತೀರಿಸಿದ ದಾಖಲೆ) ಇಲ್ಲ, ಕಾರ್ಡು ಕೊಡುವುದಿಲ್ಲ ಅಂತ ಬ್ಯಾಂಕಿನವರು ಅಂದರೆ 'ಸೆಕ್ಯೂರ್ಡ್' ಕಾರ್ಡು ಕೇಳಿ. ನೂರಿನ್ನೂರು ಡಾಲರ್ ಠೇವಣಿ ಇಟ್ಟರೆ ಕೊಡುತ್ತಾರೆ. ಆನ್‌ಲೈನ್ ಖರೀದಿಗೆ ಅದೇ ಸಾಕು.

ಎರಡು ಸಲ ಕಂಡಿದ್ದೆಲ್ಲ ಮೋಸವಲ್ಲ, ಅದೂ ನೆನಪಿರಲಿ. ಪೆಟ್ರೋಲ್ ಬಂಕಿನಲ್ಲಿ 40 ಡಾಲರ್ ಹಾಕಿಸಿದರೂ 175 ಡಾಲರ್‌ವರೆಗೆ ಹಿಡಿದಿಟ್ಟಂತೆ ಕಾಣಬಹುದು. ಹೋಟೆಲಿನಲ್ಲಿ ಊಟದ ಬಿಲ್ಲು ಒಂದು ಮೊತ್ತ, ಟಿಪ್ಸ್ ಸೇರಿ ಆಮೇಲೆ ಇನ್ನೊಂದು. 'ಪೆಂಡಿಂಗ್' ಅಂತ ಇದ್ದರೆ ಕೆಲವು ದಿನ ಕಾಯಿರಿ, ತಾನೇ ಹೋಗುತ್ತದೆ.

ಇವತ್ತು ರಾತ್ರಿಯೇ ಆ ಇಮೇಲ್ ಕಳಿಸಿಬಿಡಿ. ಸ್ಟೇಟ್‌ಮೆಂಟಿನಲ್ಲಿ ಅಂಗಡಿಯ ಹೆಸರು ಬೇರೆಯೇ ಇರಬಹುದು, ಅದನ್ನು ಇದ್ದ ಹಾಗೇ ಬರೆದು ತಿಳಿಸಿ. ಆ ಎರಡನೇ ಡಬ್ಬಿ ಬಂದರೆ ಸೀಲ್ ಒಡೆಯಬೇಡಿ.