ಮನೆಯ ಆದಾಯ ನೋಡಿ ವಿದ್ಯಾರ್ಥಿವೇತನ ಕೊಡುವುದು ನ್ಯಾಯವೇ?

ನ್ಯಾಯವೇ. ಯಾಕೆಂದರೆ ಓದಿನ ಖರ್ಚು ಅಂದ್ರೆ ಫೀಸು, ಪುಸ್ತಕ ಅಷ್ಟೇ ಅಲ್ಲ, ಕೈಬಿಟ್ಟ ಕೂಲಿಯೂ ಖರ್ಚೇ ಅಲ್ವಾ? ಯಾದಗಿರಿ ಕಡೆ ಹತ್ತಿ ಬಿಡಿಸುವ ದಿನಗಳಲ್ಲಿ ಪಿಯುಸಿ ಹುಡುಗಿಯೊಬ್ಬಳು ಕ್ಲಾಸಿನಲ್ಲಿ ಕೂತರೆ ಮನೆಗೆ ಅವಳ ಆ ದಿನದ ಕೂಲಿ ಬರುವುದಿಲ್ಲ. ಅವ್ವ ಒಬ್ಬಳೇ ಸಾಲು ಹಿಡಿಯಬೇಕು. ಸಂಬಳದ ಮನೆಯ ಮಗುವಿಗೆ ಈ ನಷ್ಟವೇ ಇಲ್ಲ. ಇರುವ ಹಣವನ್ನು ಇಬ್ಬರಿಗೂ ಹಂಚಿದರೆ ಇವಳ ಪಾಲಿಗೆ ಬರುವುದು ಕೂಲಿಗೂ ಸಾಲದು, ಅವಳು ಹೊಲಕ್ಕೇ ಹೋಗುತ್ತಾಳೆ.

ತಪ್ಪಿರುವುದು ಗೆರೆ ಎಳೆಯುವ ರೀತಿಯಲ್ಲಿ. ಪರಿಶಿಷ್ಟ ಜಾತಿಯ ಮಕ್ಕಳಿಗಿರುವ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಮನೆಯ ವರ್ಷದ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ಸಾವಿರ ರೂಪಾಯಿ ಜಾಸ್ತಿಯಾದರೂ ಪೂರ್ತಿ ಹಣ ಹೋಯ್ತು. ಒಮ್ಮೆಲೇ ನಿಲ್ಲಿಸದೆ ಹಂತಹಂತವಾಗಿ ಕಡಿಮೆ ಮಾಡಬೇಕು.