ನಿಮ್ಮ ಅತ್ತಿಗೆ ಯಾಕೆ ಅಷ್ಟು ಮಾತಾಡುತ್ತಾಳೆ?

ಪ್ರಿಯ ಬರಹಗಾರರೆ,

ನೀವು ಕಳಿಸಿದ ಕೊಲೆ ಕಾದಂಬರಿ ಓದಿ ಮುಗಿಸಿದೆ. ಕಾರವಾರದ ಕೋಡಿಬಾಗದಲ್ಲಿ ಒಂದು ಮನೆ. ಕಾಳಿ ನದಿಯ ಅಳಿವೆಯಲ್ಲಿ ಸಿಕ್ಕ ಅಣ್ಣನ ಹೆಣ. 12 ವರ್ಷದ ಮೇಲೆ ಮುಂಬೈಯಿಂದ ಊರಿಗೆ ಬರುವ ತಮ್ಮ. ಮೊದಲ ಐವತ್ತು ಪುಟ ಊಟಕ್ಕೂ ಏಳದೆ ಓದಿದೆ. ನಿಮಗೆ ಕಥೆ ಕಟ್ಟಲು ಬರುತ್ತದೆ, ಭಾಷೆಯೂ ಚೆನ್ನಾಗಿದೆ. ಹೊಗಳಿದ್ದು ಇಷ್ಟು ಸಾಕು, ಅಲ್ವಾ? ಐವತ್ತೊಂದನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು.

ಅಲ್ಲಿ ಅತ್ತಿಗೆ ಬಾಯಿ ತೆರೆಯುತ್ತಾಳೆ. ಮೂರು ಪುಟ ಮುಚ್ಚುವುದೇ ಇಲ್ಲ.

‘ನಿನಗೆ ಗೊತ್ತೇ ಇದೆಯಲ್ಲ, ನೌಕಾನೆಲೆಗೆ ಅಂತ ಅರ್ಗಾದ ನಮ್ಮ ಮನೆ, ದೋಣಿ ಎಳೆಯುವ ಕಡಲದಂಡೆ ಎಲ್ಲ ಹೋಯಿತು.’ ಗೊತ್ತಿದ್ದ ಮೇಲೆ ಯಾಕೆ ಹೇಳುತ್ತಾಳೆ? ಅವನು ಆ ಮನೆಯಲ್ಲೇ ಹುಟ್ಟಿದವನು. ಇವಳು ಆಮೇಲೆ ಮದುವೆಯಾಗಿ ಬಂದವಳು. ಅವನ ಮನೆ ಹೋದ ಸುದ್ದಿಯನ್ನು ಅವನಿಗೇ ಹೇಳುತ್ತಿದ್ದಾಳೆ! ಅವಳು ಮಾತಾಡುತ್ತಿರುವುದು ಮೈದುನನ ಹತ್ತಿರ ಅಲ್ಲ, ನನ್ನ ಹತ್ತಿರ.

‘ಪರಿಹಾರದ ದುಡ್ಡು ಬಂದ ದಿನದಿಂದ ನಿಮ್ಮಿಬ್ಬರಿಗೂ ವೈರ ಶುರುವಾಯಿತು.’ ಅಂದರೆ ಏನಾಯಿತು? ಮಾತು ಬಿಟ್ಟರಾ? ಪಾಸ್‌ಬುಕ್ ಯಾರ ಕಪಾಟಿನಲ್ಲಿತ್ತು? ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡವರು ಯಾರು? ಸುಮ್ನೆ ‘ವೈರ’ ಅಂದರೆ ನನಗೆ ಏನೂ ಕಾಣುವುದಿಲ್ಲ.

‘ಮಾವ ಅದೇ ಕೊರಗಿನಲ್ಲಿ ತೀರಿಕೊಂಡರು. ನೀನು ಮುಖ ನೋಡಲೂ ಬರಲಿಲ್ಲ.’ ಇದರ ಎರಡನೇ ವಾಕ್ಯ ಒಳ್ಳೆಯದು. ಮೂರು ಪುಟದಲ್ಲಿ ನಾನು ಉಳಿಸುವುದು ಇದೊಂದನ್ನೇ. ಅವಳು ಚಹಾ ಇಡುವಾಗ ಇಷ್ಟು ಹೇಳಲಿ, ಒಳಗೆ ಹೋಗಲಿ.

ನೌಕಾನೆಲೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ. ಆ ನೆಲೆ, ಅಂದರೆ ಐಎನ್‌ಎಸ್ ಕದಂಬ, ಶುರುವಾದದ್ದು 2005ರಲ್ಲಿ. ಅಷ್ಟು ವರ್ಷ ನೋಟಿಸು, ಕೋರ್ಟು, ಪರಿಹಾರ ಅಂತ ಕಾದು ಕೂತ ಮನೆಯಲ್ಲಿ ಅಣ್ಣತಮ್ಮಂದಿರ ನಡುವೆ ಏನೇನು ಆಗಿರಬಹುದು! ನಿಮ್ಮ ಕೊಲೆಯ ಬೇರು ಇರುವುದು ಅಲ್ಲಿ. ಅದನ್ನು ಒಂದು ಭಾಷಣದಲ್ಲಿ ಮುಗಿಸಿಬಿಟ್ಟಿದ್ದೀರಿ.

ನಾನು ಕೆಲಸ ಕಲಿತದ್ದು ಶಿರಸಿಯ ಒಂದು ವಾರಪತ್ರಿಕೆಯಲ್ಲಿ. ಠಾಣೆಯಲ್ಲಿ ಅಸಹಜ ಸಾವು ಅಂತ ದಾಖಲಾದರೆ ನನ್ನನ್ನು ಓಡಿಸುತ್ತಿದ್ದರು. ಪೊಲೀಸರು ಪಂಚನಾಮೆ ಬರೆದುಕೊಂಡು ಹೋದ ಮೇಲೂ ಜಗಲಿಯ ಮೇಲೆ ಕೂತಿರಬೇಕು ಅನ್ನುವುದು ನಮ್ಮ ಸಂಪಾದಕರ ಕಟ್ಟಪ್ಪಣೆ. ‘ಏನೂ ಕೇಳಬೇಡ, ಯಾರು ಎಲ್ಲಿ ಕೂತಿದ್ದಾರೆ ನೋಡು’ ಅನ್ನುತ್ತಿದ್ದರು. ಸಿದ್ದಾಪುರದ ಕಡೆ ಒಂದು ಮನೆ. ಸತ್ತವನ ಅಣ್ಣನೇ ಬೆಳಗಿನಿಂದ ಎಲ್ಲ ಕೆಲಸಕ್ಕೂ ನಿಂತಿದ್ದ. ಕಟ್ಟಿಗೆ ಹೊರಿಸಿದ, ನೆಂಟರಿಗೆ ಹೇಳಿ ಕಳಿಸಿದ. ಬಾಯಾರಿದಾಗ ಮಾತ್ರ ಅಂಗಳ ದಾಟಿ ಪಕ್ಕದ ಮನೆಗೆ ಹೋಗಿ ನೀರು ಕುಡಿದು ಬಂದ. ಮತ್ತೆ ಬಾಯಾರಿತು, ಮತ್ತೆ ಅಲ್ಲಿಗೇ ಹೋದ. ‘ಹಿಸ್ಸೆಯಾದಾಗಿನಿಂದ ಹೀಗೇ’ ಅಂತ ಪಕ್ಕದ ಮನೆಯಾಕೆ ಅಂದಳು. ಅದಕ್ಕಿಂತ ಜಾಸ್ತಿ ಯಾರೂ ಏನೂ ಹೇಳಲಿಲ್ಲ. ಪತ್ರಿಕೆಯಲ್ಲಿ ಬಂದದ್ದು ನಾಲ್ಕು ಸಾಲಿನ ಸುದ್ದಿ. ನೀರಿನ ವಿಷಯ ಅದರಲ್ಲಿ ಇರಲಿಲ್ಲ, ನನಗೆ ಮರೆತೂ ಹೋಗಲಿಲ್ಲ.

ಇನ್ನು ಟ್ರಾಲರ್ ವಿಷಯ. ‘ಜುಲೈ ತಿಂಗಳ ಆ ರಾತ್ರಿ ಬೈತಖೋಲ್ ಬಂದರಿನಿಂದ ಟ್ರಾಲರ್ ಸದ್ದಿಲ್ಲದೆ ಹೊರಟಿತು’ ಅಂತ ಬರೆದಿದ್ದೀರಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ಕಟ್ಟಿಕೊಂಡು ನಿಂತಿರುತ್ತವೆ. ಅದರಲ್ಲಿ ಒಂದು ಹಗ್ಗ ಬಿಚ್ಚಿಕೊಂಡು ಹೊರಟರೆ ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತು. ಅದರ ಮೇಲೆ ‘ಸದ್ದಿಲ್ಲದೆ’ ಬೇರೆ! ಟ್ರಾಲರ್ ಎಂಜಿನ್ ನೀವು ಹತ್ತಿರದಿಂದ ಕೇಳಿಲ್ಲ ಅಂತ ಕಾಣುತ್ತದೆ.

ಮುಂದಿನ ಸಾಲು: ‘ಅಳಿವೆಯ ಹತ್ತಿರ ಹೆಣ ಎಸೆದು ಹಿಂತಿರುಗಿದರು.’ ಆಗ ಭರತವೋ ಇಳಿತವೋ? ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ದೋಣಿ ಮನೆಯಲ್ಲಿ ಬೆಳೆದವನಿಗೆ ಈ ಲೆಕ್ಕ ಬಾಯಿಪಾಠ. (ನಿಮ್ಮ ಇನ್‌ಸ್ಪೆಕ್ಟರ್ ಹಳೆ ಸೇತುವೆಯ ಮೇಲೆ ನಿಂತು ನದಿ ನೋಡುತ್ತಾರೆ. ಕಥೆ 2023ರದ್ದು, ಬಚಾವಾದಿರಿ. ಆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿಗೆ ಬಿತ್ತು.)

ಇದನ್ನು ತಿದ್ದಿದರೆ ಲಾಭ ನಿಮಗೇ. ನಾಡದೋಣಿಗೆ ಈ ನಿಷೇಧ ಇಲ್ಲ. ಆ ಮಳೆಯ ಕತ್ತಲಲ್ಲಿ ದೋಣಿ ಇಳಿಸುವ ಎದೆಗಾರಿಕೆ, ಇಳಿತದ ಲೆಕ್ಕ ಎರಡೂ ಇರುವವರು ಯಾರು? ಮನೆಯವರೇ. ಕೊನೆಯ ಅಧ್ಯಾಯದಲ್ಲಿ ಎಲ್ಲಿಂದಲೋ ಕಂತ್ರಾಟದಾರನನ್ನು ತಂದು ಅವನ ತಲೆಗೆ ಕೊಲೆ ಕಟ್ಟುವ ಅಗತ್ಯವೇ ಬೀಳುವುದಿಲ್ಲ. ಇನ್ನೊಂದು ಮಾತು. ಹೆಣ ಹೊತ್ತ ದೋಣಿಯನ್ನು ಮರಳಿನಿಂದ ನೀರಿಗೆ ದೂಡುವುದು ಒಬ್ಬರಿಂದ ಆಗುವ ಕೆಲಸವಲ್ಲ. ಎರಡನೆಯವರು ಯಾರು? ನನಗೆ ಅನುಮಾನ ಅತ್ತಿಗೆಯ ಮೇಲೆ. ಹಾಗಾದರೆ ಅವಳು ಬಾಯಿ ಮುಚ್ಚಿಕೊಂಡಿರಲು ಇನ್ನೂ ದೊಡ್ಡ ಕಾರಣ ಸಿಕ್ಕಿತು.

ತಿದ್ದಿದ ಮೇಲೆ ಇಡೀ ಕಾದಂಬರಿ ಕಳಿಸಬೇಡಿ. ಐವತ್ತೊಂದನೇ ಪುಟದಿಂದ ಎರಡು ಅಧ್ಯಾಯ ಸಾಕು. ಅಕ್ಷರ ಸ್ವಲ್ಪ ದೊಡ್ಡದಿರಲಿ.